ಲೋಡಿಲ್ಲ ಅಂತಾರೆ, ಹೊಸ ಡ್ರೈವರ್‌ಗಳನ್ನ ಮಾತ್ರ ತಗೋತಾನೇ ಇದಾರೆ. ಯಾಕೆ?

ಪ್ರಶ್ನೆ (ಅಮೆರಿಕದ ಇಂಡಿಯಾನಾಪೊಲಿಸ್‌ನಿಂದ, ಕಂಪನಿ ಡ್ರೈವರ್):

ನಮಸ್ಕಾರ ಸರ್. ನೀವು ಮೊದಲು ಟ್ರಕ್ ಓಡಿಸಿ, ಆಮೇಲೆ ದೊಡ್ಡ ಕಂಪನಿಯಲ್ಲಿ ಯಾವ ಟ್ರಕ್ಕಿಗೆ ಯಾವ ಲೋಡ್ ಅಂತ ಹಂಚೋ ಲೋಡ್ ಪ್ಲ್ಯಾನರ್ ಆಗಿದ್ದವರು ಅಂತ ಗ್ರೂಪಿನಲ್ಲಿ ಹೇಳಿದ್ರು, ಅದಕ್ಕೇ ನಿಮ್ಮನ್ನ ಕೇಳ್ತಿದೀನಿ. ನಾನು ಡ್ರೈ ವ್ಯಾನ್ (ಮಾಮೂಲಿ ಮುಚ್ಚಿದ ಟ್ರೇಲರ್) ಎಳೀತೀನಿ, 48 ರಾಜ್ಯಕ್ಕೂ ಹೋಗ್ತೀನಿ. ಮೈಲಿಗೆ 55 ಸೆಂಟು. ಹೋದ ವರ್ಷ ವಾರಕ್ಕೆ 2,600 ಮೈಲಿ ಆರಾಮಾಗಿ ಸಿಗ್ತಿತ್ತು, ಈಗ 1,800 ಸಿಕ್ಕರೆ ಪುಣ್ಯ. ಕೇಳಿದರೆ ಡಿಸ್ಪ್ಯಾಚರ್ ‘ಫ್ರೈಟ್ ಸ್ಲೋ’ ಅಂತಾನೆ. ಇರಬಹುದು. ಆದರೆ ಟರ್ಮಿನಲ್ಲಿಗೆ ಹೋದರೆ ಸೋಮವಾರ ಓರಿಯೆಂಟೇಶನ್ ಕೋಣೆ ತುಂಬಿರುತ್ತೆ. ನಮ್ಮದೇ ಕಂಪನಿಯ ಜಾಹೀರಾತು ನನ್ನ ಫೋನಿಗೇ ಬರ್ತಿದೆ, ಸೇರಿದರೆ ಬೋನಸ್ ಅಂತೆ! ಇರೋರಿಗೇ ಕೆಲಸ ಇಲ್ಲದಾಗ ಹೊಸಬರು ಯಾಕೆ? ಊರಲ್ಲಿ ಲಾರಿ ನಿಂತರೂ ಬಾಟಾ ಅಂತ ಏನೋ ಒಂದಿಷ್ಟು ಕೈಗೆ ಬರ್ತಿತ್ತು. ಇಲ್ಲಿ ಚಕ್ರ ತಿರುಗದಿದ್ದರೆ ಸೊನ್ನೆ. ಬಿಟ್ಟು ಬೇರೆ ಕಡೆ ಹೋಗಲಾ?

ಉತ್ತರ:

ನಿಮ್ಮ ಡಿಸ್ಪ್ಯಾಚರ್ ಹೇಳಿದ್ದು ಅರ್ಧ ನಿಜ. ಕೋವಿಡ್ ಕಾಲದಲ್ಲಿ ಬಾಡಿಗೆ ದರ ಆಕಾಶಕ್ಕೇರಿದಾಗ ಎಲ್ಲರೂ ಟ್ರಕ್ ಕೊಂಡರು. 2022ರಿಂದ ದರ ಬಿತ್ತು, ಟ್ರಕ್ಕುಗಳು ಉಳಿದುಕೊಂಡವು. 2023ರಲ್ಲಿ ಯೆಲ್ಲೋದಂಥ ಹಳೇ ಕಂಪನಿಯೇ ಬಾಗಿಲು ಹಾಕಿ ಸುಮಾರು 30,000 ಜನ ಕೆಲಸ ಕಳೆದುಕೊಂಡರು.

ಅವನು ಹೇಳದೆ ಬಿಟ್ಟ ಅರ್ಧ ನಿಮ್ಮ ಸಂಬಳದ ಲೆಕ್ಕದಲ್ಲಿದೆ. ಡ್ರೈವರಿಲ್ಲದ ಟ್ರಕ್ ಕಂಪನಿಗೆ ದಿನಾ ಖರ್ಚು. ಸ್ಲೀಪರ್ ಇರುವ ಹೊಸ ಟ್ರಕ್ಕಿಗೆ ಒಂದೂವರೆ ಲಕ್ಷ ಡಾಲರಿಗೂ ಮೇಲೆ ಬೆಲೆ; ಅದರ ಕಂತು, ವಿಮೆ ನಿಲ್ಲೋದಿಲ್ಲ. ಅದೇ ಟ್ರಕ್ಕಿನಲ್ಲಿ ಡ್ರೈವರ್ ಕೂತಿದ್ದು ಲೋಡ್ ಇಲ್ಲದಿದ್ದರೆ? ಮೈಲಿ ಲೆಕ್ಕದ ಸಂಬಳ ತಾನೇ, ಆ ದಿನಕ್ಕೆ ಅವನಿಗೆ ಕೊಡೋದು ಹೆಚ್ಚುಕಡಿಮೆ ಏನೂ ಇಲ್ಲ. ಹಾಗಾಗಿ ಡ್ರೈವರ್ ಹೆಚ್ಚಾದರೆ ಕಂಪನಿಗೆ ಬಿಸಿ ತಟ್ಟಲ್ಲ, ಕಡಿಮೆಯಾದರೆ ತಟ್ಟುತ್ತೆ. ಊಟಕ್ಕೆ ಜನ ಹೆಚ್ಚಾದಂತೆಲ್ಲ ಸಾರಿಗೆ ನೀರು ಬೆರೆಸಿದ ಹಾಗೆ: ಎಲ್ಲರ ಎಲೆಗೂ ಬೀಳುತ್ತೆ, ಯಾರ ಹೊಟ್ಟೆಯೂ ತುಂಬಲ್ಲ. ವಾರಕ್ಕೆ 800 ಮೈಲಿ ಕಡಿಮೆಯಾದರೆ ನಿಮಗೆ 440 ಡಾಲರ್ ಖೋತಾ. ಈ ಖೋತಾ ಕಂಪನಿಯ ಲೆಕ್ಕಪತ್ರದಲ್ಲಿ ಎಲ್ಲೂ ನಷ್ಟ ಅಂತ ಕಾಣಿಸೋದೇ ಇಲ್ಲ.

ಪ್ಲ್ಯಾನರ್ ಕುರ್ಚಿಯಿಂದ ಕಾಣುವ ಇನ್ನೊಂದು ವಿಷಯ ಹೇಳ್ತೀನಿ. ದೊಡ್ಡ ಗಿರಾಕಿಗಳ ಜೊತೆ ಕಂಪನಿಗೆ ಕಾಂಟ್ರಾಕ್ಟ್ ಇರುತ್ತೆ. ಅವರು ಕಳಿಸಿದ ನೂರು ಲೋಡಿನಲ್ಲಿ ಎಷ್ಟನ್ನ ಒಪ್ಪಿದಿರಿ ಅಂತ ಅಂಕ ಹಾಕ್ತಾರೆ. ಸುಮ್ಮಸುಮ್ಮನೆ ‘ಟ್ರಕ್ ಇಲ್ಲ’ ಅಂದರೆ ಮುಂದಿನ ಬಿಡ್‌ನಲ್ಲಿ ಆ ರೂಟೇ ಕೈತಪ್ಪುತ್ತೆ. ಅದಕ್ಕೆ ಬಿಡುವಾಗಿರೋ ಟ್ರಕ್ಕುಗಳನ್ನ ಕೈಯಲ್ಲಿ ಇಟ್ಟುಕೊಂಡೇ ಇರಬೇಕು. ಬೆಳಿಗ್ಗೆ ಸ್ಕ್ರೀನ್ ತೆರೆದರೆ ಒಂದು ಕಡೆ ಲೋಡುಗಳು, ಇನ್ನೊಂದು ಕಡೆ ಖಾಲಿಯಾಗುವ ಟ್ರಕ್ಕುಗಳು, ಪ್ರತಿ ಟ್ರಕ್ಕಿನ ಪಕ್ಕ ಕಾನೂನಿನ ಪ್ರಕಾರ ಓಡಿಸೋಕೆ ಡ್ರೈವರಿಗೆ ಉಳಿದ ಗಂಟೆಗಳು. ಟ್ರಕ್ಕಿನ ಪಟ್ಟಿ ಉದ್ದ ಇದ್ದರೆ ಪ್ಲ್ಯಾನರಿಗೆ ನೆಮ್ಮದಿ. ಆ ಪಟ್ಟಿಯ ಬಾಲದಲ್ಲಿರೋನು ಟ್ರಕ್ ಸ್ಟಾಪಿನಲ್ಲಿ ಕಾಯ್ತಾ ಕೂತಿರ್ತಾನೆ.

ಇನ್ನು ರಿಕ್ರೂಟಿಂಗ್ ವಿಭಾಗ. ಅದೇ ಬೇರೆ ಲೋಕ. ಅವರ ಗುರಿ ಓರಿಯೆಂಟೇಶನ್ ಕುರ್ಚಿ ತುಂಬಿಸೋದು, ಲೋಡಿನ ಸ್ಕ್ರೀನ್ ಅವರು ನೋಡೋದೇ ಇಲ್ಲ. ಜೊತೆಗೆ, ದೊಡ್ಡ ಟ್ರಕ್‌ಲೋಡ್ ಕಂಪನಿಗಳಲ್ಲಿ ಎಷ್ಟೋ ವರ್ಷ ಕೆಲಸ ಬಿಡುವವರ ಪ್ರಮಾಣ ಶೇ. 90ರ ಆಸುಪಾಸು ಇತ್ತು. ಅಂದರೆ ಸಾವಿರ ಡ್ರೈವರ್ ಇರುವ ಕಂಪನಿ ಇದ್ದಲ್ಲೇ ಇರೋದಕ್ಕೂ ವರ್ಷಕ್ಕೆ ಒಂಬೈನೂರು ಜನರನ್ನ ತಗೋಬೇಕು. ನೀವು ನೋಡುವ ಆ ತುಂಬಿದ ಕೋಣೆಯಲ್ಲಿ ಹೆಚ್ಚಿನವರು ಬಿಟ್ಟುಹೋದವರ ಜಾಗಕ್ಕೆ ಬಂದವರು.

ಬಿಡೋದಾ ಅಂದ್ರಲ್ಲ, ಅದಕ್ಕೆ ಮೊದಲು ಡಿಸ್ಪ್ಯಾಚರನ್ನ ಮೆಸೇಜಿನಲ್ಲೇ ಕೇಳಿ: ‘ನಮ್ಮ ಬೋರ್ಡಿನ (ಅಂದರೆ ನಿಮ್ಮ ಕೈಕೆಳಗಿನ ಎಲ್ಲ ಡ್ರೈವರುಗಳ) ಸರಾಸರಿ ಎಷ್ಟು, ನನ್ನದೆಷ್ಟು?’ ಎಲ್ಲರದ್ದೂ 1,800 ಆದರೆ ಅದು ಕಂಪನಿಯ ಕಥೆ. ಉಳಿದವರು 2,300 ಓಡಿಸ್ತಿದ್ದು ನೀವೊಬ್ಬರೇ ಕೆಳಗಿದ್ದರೆ ಬೇರೆ ಕಾರಣ ಇದೆ. ನ್ಯೂಯಾರ್ಕ್ ನಗರಕ್ಕೆ ಹೋಗಲ್ಲ ಅಂತ ಬರೆಸಿದೀರಾ? ಖಾಲಿಯಾಗುವ ಸಮಯ ತಪ್ಪಾಗಿ ಹಾಕ್ತೀರಾ? ಹಜ್ಮತ್ (ಅಪಾಯಕಾರಿ ಸರಕು) ಪರವಾನಗಿ ಇದೆಯಾ? ಪ್ಲ್ಯಾನರ್ ನಿಮ್ಮ ಮುಖ ನೋಡಿರಲ್ಲ, ಇಷ್ಟನ್ನೇ ನೋಡ್ತಾನೆ.

ಸಂಬಳದ ಚೀಟಿಯ ಮೈಲಿಯನ್ನೂ ಓಡೋಮೀಟರನ್ನೂ ಒಂದು ತಿಂಗಳು ಪಕ್ಕಪಕ್ಕ ಬರೆದಿಡಿ. ಕೆಲವು ಕಂಪನಿಗಳು ಈಗಲೂ ‘ಹೌಸ್‌ಹೋಲ್ಡ್ ಗೂಡ್ಸ್’ ಮೈಲಿ ಲೆಕ್ಕ ಇಟ್ಟುಕೊಂಡಿವೆ. ಒಂದು ಜಿಪ್ ಕೋಡಿನಿಂದ ಇನ್ನೊಂದಕ್ಕೆ ಅಳೆಯೋ ಹಳೇ ಪದ್ಧತಿ ಅದು, ನಿಮ್ಮ ಟ್ರಕ್ ನಿಜವಾಗಿ ಓಡಿದ್ದಕ್ಕಿಂತ ಕಡಿಮೆ ತೋರಿಸುತ್ತೆ. ಮೈಲಿಗೆ ಎರಡು ಸೆಂಟು ಜಾಸ್ತಿ ಅಂತ ಕರೆಯೋ ಕಂಪನಿ ಈ ಲೆಕ್ಕದವರಾದರೆ ಹೋಗಿ ಪ್ರಯೋಜನ ಇಲ್ಲ.

ಮಧ್ಯೆ ಒಬ್ಬರ ಪ್ರಶ್ನೆ (ಡಲ್ಲಾಸ್‌ನಿಂದ):

ಅಣ್ಣ, ನಮ್ಮ ಯಜಮಾನರು ಫ್ಲಾರಿಡಾಕ್ಕೆ ಹೋದಾಗಲೆಲ್ಲ ಎರಡು ದಿನ ಅಲ್ಲೇ. ಗೋದಾಮಿನಲ್ಲಿ ಐದಾರು ಗಂಟೆ ಕಾಯಿಸ್ತಾರೆ, ಅದಕ್ಕೂ ದುಡ್ಡಿಲ್ಲ. ಇದು ಕಾನೂನಿಗೆ ಒಪ್ಪುತ್ತಾ?

ಉತ್ತರ:

ಫ್ಲಾರಿಡಾ ಹಾಗೇ ಅಮ್ಮ. ಅಲ್ಲಿಗೆ ಹೋಗೋ ಮಾಲು ಬೆಟ್ಟದಷ್ಟು, ಅಲ್ಲಿಂದ ಹೊರಡೋದು ಕಡಿಮೆ. ವಸಂತದಲ್ಲಿ ತರಕಾರಿ ಸುಗ್ಗಿ ಬಂದಾಗ ಸ್ವಲ್ಪ ಉಸಿರಾಡಬಹುದು, ಅದೂ ಹೆಚ್ಚಾಗಿ ರೀಫರ್ (ತಂಪು ಪೆಟ್ಟಿಗೆಯ) ಗಾಡಿಯವರಿಗೆ.

ಕಾನೂನು ಡ್ರೈವರ್ ಪರ ಇಲ್ಲ. 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಕಾಯಿದೆ ರಾಜ್ಯ ದಾಟಿ ಓಡುವ ಟ್ರಕ್ ಡ್ರೈವರುಗಳನ್ನ ಓವರ್‌ಟೈಮಿನಿಂದ ಹೊರಗಿಟ್ಟಿದೆ. ಕೇಂದ್ರದ ಕನಿಷ್ಠ ವೇತನ ಅನ್ವಯಿಸುತ್ತೆ, ಆದರೆ ಅದು ಗಂಟೆಗೆ 7.25 ಡಾಲರ್; ಇಡೀ ವಾರದ ಸಂಬಳವನ್ನ ದುಡಿದ ಗಂಟೆಗಳಿಗೆ ಹಂಚಿ ನೋಡಿದರೆ ಸಾಮಾನ್ಯವಾಗಿ ದಾಟಿರುತ್ತೆ. ಕಾಯಿಸಿದ್ದಕ್ಕೆ ಕೊಡುವ ಡಿಟೆನ್ಶನ್ ಹಣ ಕಾಂಟ್ರಾಕ್ಟಿಗೆ ಬಿಟ್ಟಿದ್ದು. ಬಹಳ ಕಡೆ ಮೊದಲ ಎರಡು ಗಂಟೆ ಬಿಟ್ಟಿ.

ಯಜಮಾನರಿಗೆ ಇಷ್ಟು ಹೇಳಿ. ಗೇಟಿಗೆ ಹೋದ ತಕ್ಷಣ ಟ್ಯಾಬ್ಲೆಟ್‌ನಿಂದ ‘ಬಂದೆ’ ಅಂತ ಮೆಸೇಜ್ ಕಳಿಸಲಿ. ಬಿಲ್ ಆಫ್ ಲೇಡಿಂಗ್ (ಸರಕಿನ ರಸೀದಿ) ಮೇಲೆ ಒಳಹೋದ ಸಮಯ, ಹೊರಬಂದ ಸಮಯ ಎರಡನ್ನೂ ಗೋದಾಮಿನವರ ಕೈಯಲ್ಲೇ ಬರೆಸಿ ಸಹಿ ಹಾಕಿಸಲಿ. ಅದು ಇಲ್ಲದೆ ಗಿರಾಕಿ ಕಂಪನಿಗೆ ಕೊಡಲ್ಲ, ಕಂಪನಿ ಇವರಿಗೆ ಕೊಡಲ್ಲ. ದುಡ್ಡಿಗಿಂತ ದೊಡ್ಡ ನಷ್ಟ ಇನ್ನೊಂದಿದೆ: ಕೆಲಸ ಶುರುವಾದ ಮೇಲೆ ಟ್ರಕ್ ಓಡಿಸೋಕೆ ಇರುವ 14 ಗಂಟೆಯ ಗಡಿಯಾರ ಅಲ್ಲಿ ಓಡ್ತಾನೇ ಇರುತ್ತೆ. ಒಳಗೆ 11 ಗಂಟೆ ಓಡಿಸೋ ಹಕ್ಕಿದ್ದರೂ, ಐದು ಗಂಟೆ ಡಾಕಿನಲ್ಲಿ ಹೋದರೆ ಉಳಿಯೋದು ಹೆಚ್ಚೆಂದರೆ ಒಂಬತ್ತೇ.

ಇನ್ನೊಬ್ಬರು:

ಟೀವೀಲಿ 80,000 ಡ್ರೈವರ್ ಕೊರತೆ ಅಂತಿದ್ರಲ್ಲ?

ಉತ್ತರ:

ಅದು 2021ರಲ್ಲಿ ಕಂಪನಿಗಳ ಸಂಘವಾದ ಅಮೆರಿಕನ್ ಟ್ರಕಿಂಗ್ ಅಸೋಸಿಯೇಷನ್ಸ್ ಹೇಳಿದ ಸಂಖ್ಯೆ. ಸ್ವಂತ ಟ್ರಕ್ಕಿನವರ ಸಂಘ ಊಯ್ಡಾ (OOIDA) ಒಪ್ಪಲ್ಲ, ಡ್ರೈವರ್ ಇದಾರೆ, ಉಳಿಸ್ಕೊಳ್ಳೋಕೆ ನಿಮಗೆ ಬರಲ್ಲ ಅಂತ ಅದರ ವಾದ. ನಾನು ಎರಡನೆಯವರ ಪಕ್ಷ. ಕೊರತೆ ನಿಜವಾಗಿದ್ದರೆ ಈ ಥ್ರೆಡ್ಡೇ ಇರ್ತಿರಲಿಲ್ಲ.

ಮೊದಲ ಪ್ರಶ್ನೆ ಕೇಳಿದವರು:

ಸರ್, ಕೇಳಿದೆ. ನಮ್ಮ ಬೋರ್ಡಿನ ಸರಾಸರಿಯೇ 1,850 ಅಂತೆ! ಇನ್ನೊಂದು ಕಂಪನಿ ಕರೀತಿದೆ, ಸೈನ್-ಆನ್ ಬೋನಸ್ ಇದೆ. ಲೀಸ್ ಮೇಲೆ ಟ್ರಕ್ ಕೊಡ್ತೀವಿ, ‘ನೀನೇ ಓನರ್’ ಅಂತಾನೂ ಅಂದ್ರು.

ಉತ್ತರ:

ಲೀಸ್-ಪರ್ಚೇಸ್ ಹತ್ತಿರ ಸುಳಿಯಬೇಡಿ. ಮೈಲಿ ಇಲ್ಲದ ಕಾಲದಲ್ಲಿ ವಾರದ ಕಂತು ನಿಮ್ಮ ತಲೆಗೆ ಬರುತ್ತೆ. ಇಂಥ ಯೋಜನೆಗಳನ್ನೇ ನಿಷೇಧಿಸಬೇಕು ಅಂತ ಕೇಂದ್ರ ಸರ್ಕಾರ ನೇಮಿಸಿದ್ದ ಕಾರ್ಯಪಡೆಯೇ 2025ರಲ್ಲಿ ಶಿಫಾರಸು ಮಾಡಿದೆ.

ಬೋನಸ್ ಬಗ್ಗೆ: ಎಷ್ಟು ಕಂತು, ಮಧ್ಯೆ ಬಿಟ್ಟರೆ ವಾಪಸ್ ಕೊಡಬೇಕಾ, ಬರಹದಲ್ಲಿ ತಗೊಳ್ಳಿ. ರಿಕ್ರೂಟರ್ ‘3,000 ಮೈಲಿ ಗ್ಯಾರಂಟಿ’ ಅಂದರೆ ವಾರದ ಕನಿಷ್ಠ ಸಂಬಳ ಎಷ್ಟು ಅಂತ ಕೇಳಿ. ಆ ಪ್ರಶ್ನೆಗೆ ಮಾತು ಬದಲಿಸಿದರೆ ಫೋನ್ ಇಟ್ಟುಬಿಡಿ. ನಿಮಗೆ ಎರಡು ವರ್ಷದ ಶುದ್ಧ ದಾಖಲೆ ಇದ್ದರೆ ಎಲ್‌ಟಿಎಲ್ ಕಂಪನಿಗಳನ್ನ (ಹಲವು ಗಿರಾಕಿಗಳ ಚಿಕ್ಕಚಿಕ್ಕ ಸರಕನ್ನ ಒಂದೇ ಟ್ರಕ್ಕಿನಲ್ಲಿ ಸಾಗಿಸುವವರು), ಅಂಗಡಿ ಸರಣಿಗಳ ಸ್ವಂತ ಟ್ರಕ್ ವಿಭಾಗಗಳನ್ನ ನೋಡಿ. ಅಲ್ಲಿ ಬಹಳ ಕಡೆ ಗಂಟೆ ಲೆಕ್ಕದ ಸಂಬಳವೂ ಇದೆ, ಕಾಯೋದಕ್ಕೂ ದುಡ್ಡು ಕೊಡ್ತಾರೆ. ಹೋಗೋದು ಕಷ್ಟ, ಹೋದವರು ಬಿಡಲ್ಲ.

ಹೊರಡೋದೇ ಆದರೆ ಕೋಪದಲ್ಲಿ ಟ್ರಕ್ಕನ್ನ ಎಲ್ಲೋ ನಿಲ್ಲಿಸಿ ಬರಬೇಡಿ. ಅದು ‘ಟ್ರಕ್ ಬಿಟ್ಟುಹೋದ’ ಅಂತ ಡಿಎಸಿ ವರದಿಗೆ (ಹೊಸ ಕಂಪನಿಗಳು ನೋಡುವ, ಡ್ರೈವರಿನ ಹಿಂದಿನ ಕೆಲಸಗಳ ದಾಖಲೆ) ಹೋಗುತ್ತೆ, ಆಮೇಲೆ ಯಾರೂ ತಗೊಳ್ಳಲ್ಲ. ನಿಮ್ಮ ಟರ್ಮಿನಲ್ಲಿಗೇ ತಂದು, ಒಳಗೆ ಹೊರಗೆ ಫೋಟೋ ತೆಗೆದು, ಓಡೋಮೀಟರ್ ಸಮೇತ ಒಪ್ಪಿಸಿ ಸಹಿ ತಗೊಳ್ಳಿ. ಡಿಎಸಿ ವರದಿಯ ಪ್ರತಿ ವರ್ಷಕ್ಕೊಮ್ಮೆ ಬಿಟ್ಟಿ ಸಿಗುತ್ತೆ, ಈಗಲೇ ತರಿಸಿ ನೋಡಿ. ತಪ್ಪಿದ್ದರೆ ತಕರಾರು ಹಾಕಿ, ಆಮೇಲೆ ಅರ್ಜಿ ಕಳಿಸಿ.