ಎಲ್ಲ ಸಾಲಿನಲ್ಲೂ ಒಬ್ಬರೇ ರೈತರ ಹೆಸರು: ಎಸ್‌ಕ್ಯೂಲೈಟ್ ಮತ್ತು ಸಿ ಭಾಷೆಯ ಪಾಯಿಂಟರ್ ತೊಂದರೆ

ಪ್ರಶ್ನೆ (ರಾಯಚೂರಿನಿಂದ)

ಎಲ್ಲರಿಗೂ ನಮಸ್ಕಾರ. ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿರುವ ಪರಿಚಯದವರ ಅಡತ್ ಅಂಗಡಿಗಾಗಿ ಸಿ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಭತ್ತ ತಂದ ರೈತರ ಹೆಸರು, ಊರು, ಮೊಬೈಲ್ ಸಂಖ್ಯೆ, ಚೀಲ ಮತ್ತು ತೂಕ ಎಸ್‌ಕ್ಯೂಲೈಟ್ (ಪ್ರೋಗ್ರಾಮಿನೊಳಗೇ ಸೇರಿಸಿಕೊಳ್ಳುವ ಸಣ್ಣ ಡೇಟಾಬೇಸ್ ತಂತ್ರಾಂಶ) ಡೇಟಾಬೇಸಿನಲ್ಲಿವೆ. ಲೂಪಿನಲ್ಲಿ ಒಂದೊಂದೇ ಸಾಲನ್ನು ಓದಿ, ಕಾಲಂ_ಟೆಕ್ಸ್ಟ್ (ಕಾಲಂನ ಪಠ್ಯ ಓದುವ ಎಸ್‌ಕ್ಯೂಲೈಟ್ ಫಂಕ್ಷನ್) ಕೊಟ್ಟ ಪಾಯಿಂಟರನ್ನು, ಅಂದರೆ ಮೆಮೊರಿ ವಿಳಾಸವನ್ನು, ಸ್ಟ್ರಕ್ಚರಿನ (ಒಬ್ಬ ರೈತರ ವಿವರಗಳ ಗುಂಪಿನ) ಅರೇಯಲ್ಲಿ (ಸಾಲುಪಟ್ಟಿಯಲ್ಲಿ) ಇಟ್ಟುಕೊಂಡು, ಎಲ್ಲ ಓದಿ ಮುಗಿದ ಮೇಲೆ ಪಟ್ಟಿ ಮುದ್ರಿಸುತ್ತೇನೆ. ಒಬ್ಬರೇ ರೈತರಿದ್ದು ಕೂಡಲೇ ಮುದ್ರಿಸಿದರೆ ಹೆಸರು ಸರಿಯಾಗಿರುತ್ತದೆ. ಹಲವರಿದ್ದಾಗ ಒಮ್ಮೆ ಎಲ್ಲ ಸಾಲಿನಲ್ಲೂ ಕೊನೆಯವರ ಹೆಸರೇ ಬರುತ್ತದೆ, ಇನ್ನೊಮ್ಮೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ತೂಕದ ಅಂಕಿಗಳು ಮಾತ್ರ ಒಂದೂ ತಪ್ಪುವುದಿಲ್ಲ. ಎರಡು ದಿನದಿಂದ ಎಸ್‌ಕ್ಯೂಎಲ್ (ಡೇಟಾಬೇಸಿಗೆ ಆಜ್ಞೆ ಕೊಡುವ ಭಾಷೆ) ಸಾಲನ್ನೇ ತಿದ್ದುತ್ತಿದ್ದೇನೆ. ದಯವಿಟ್ಟು ದಾರಿ ತೋರಿಸಿ.

ಉತ್ತರ 1 (ಬಳ್ಳಾರಿಯಿಂದ)

ನಿಮ್ಮ ಎಸ್‌ಕ್ಯೂಎಲ್ ಸಾಲಿನಲ್ಲಿ ದೋಷವಿಲ್ಲ. ತೂಕ ಸರಿಯಾಗಿ ಬಂದು ಹೆಸರು ಮಾತ್ರ ಕೆಡುತ್ತಿದೆ ಎಂದು ನೀವೇ ಬರೆದಿದ್ದೀರಿ, ಸುಳಿವು ಅಲ್ಲೇ ಇದೆ. ಪೂರ್ಣಾಂಕವನ್ನು ಓದಿದಾಗ ಅದರ ಬೆಲೆಯೇ ನಿಮ್ಮ ವೇರಿಯಬಲ್‌ಗೆ ಬಂದು ಸೇರುತ್ತದೆ. ಹೆಸರನ್ನು ಓದಿದಾಗ ನಿಮಗೆ ಸಿಗುವುದು ಎಸ್‌ಕ್ಯೂಲೈಟ್ ತನ್ನ ಬಳಿ ಇಟ್ಟುಕೊಂಡಿರುವ ಮೆಮೊರಿಯ ವಿಳಾಸ ಮಾತ್ರ. ಅದೇ ಸ್ಟೇಟ್‌ಮೆಂಟಿನ (ಸಿದ್ಧಪಡಿಸಿದ ಎಸ್‌ಕ್ಯೂಎಲ್ ಆಜ್ಞೆಯ) ಮೇಲೆ ಮತ್ತೆ ಸ್ಟೆಪ್ (ಮುಂದಿನ ಸಾಲಿಗೆ ಹೋಗುವುದು), ರೀಸೆಟ್ (ಮೊದಲಿಗೆ ಮರಳುವುದು) ಅಥವಾ ಫೈನಲೈಜ್ (ಮುಗಿಸುವುದು) ಕರೆದ ಕ್ಷಣದಿಂದ ಆ ವಿಳಾಸಕ್ಕೆ ಬೆಲೆಯಿಲ್ಲ. ಗಂಜಿನ ತೂಕದ ಯಂತ್ರದಲ್ಲಿ ಕಾಣುವ ಅಂಕಿಯನ್ನು ಮುಂದಿನ ಚೀಲ ಇಡುವ ಮೊದಲೇ ಗುಮಾಸ್ತರು ಚೀಟಿಗೆ ಇಳಿಸಿಕೊಳ್ಳುವಂತೆ, ಮುಂದಿನ ಸ್ಟೆಪ್‌ಗೆ ಮೊದಲೇ ನೀವು ಹೆಸರನ್ನು ನಿಮ್ಮ ಸ್ವಂತ ಮೆಮೊರಿಗೆ ನಕಲು ಮಾಡಿಕೊಳ್ಳಬೇಕು.

ಮೊಬೈಲ್ ಸಂಖ್ಯೆ ಕೊಡದ ರೈತರ ಸಾಲಿನಲ್ಲಿ ಆ ಕಾಲಂ ನಲ್ (ಬೆಲೆಯೇ ಇಲ್ಲದ್ದು) ಆಗಿದ್ದರೆ ಕಾಲಂ_ಟೆಕ್ಸ್ಟ್ ಕೊಡುವುದೂ ನಲ್ ಪಾಯಿಂಟರನ್ನೇ. ಅದನ್ನು ಪರೀಕ್ಷಿಸದೆ ನಕಲು ಮಾಡಲು ಹೋದರೆ ಪ್ರೋಗ್ರಾಂ ಅಲ್ಲೇ ಸೆಗ್ಮೆಂಟೇಶನ್ ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿದ ದೋಷ) ಆಗಿ ನಿಲ್ಲುತ್ತದೆ. ನೀವು ಮಾಡಿಕೊಂಡ ನಕಲನ್ನು ಕೆಲಸ ಮುಗಿದ ಮೇಲೆ ನೀವೇ ಫ್ರೀ ಮಾಡಬೇಕು, ಅಂದರೆ ಆ ಮೆಮೊರಿಯನ್ನು ಬಿಟ್ಟುಕೊಡಬೇಕು. ಎಸ್‌ಕ್ಯೂಲೈಟ್ ಕೊಟ್ಟ ಮೂಲ ಪಾಯಿಂಟರನ್ನು ಎಂದಿಗೂ ಫ್ರೀ ಮಾಡಬಾರದು.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದಗಳು ಸರ್. ಹೆಸರಿಗೆ 20 ಬೈಟ್, ಅದರ ಪಕ್ಕದಲ್ಲೇ ಊರಿಗೆ 20 ಬೈಟ್ ಜಾಗ ಇಟ್ಟು ಸ್ಟ್ರ್‌ಕಾಪಿ (ಕೊನೆಯ ಶೂನ್ಯದವರೆಗೆ ಪಠ್ಯ ನಕಲಿಸುವ ಫಂಕ್ಷನ್) ಮಾಡಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಹೆಸರುಗಳೆಲ್ಲ ಸರಿಯಾಗಿ ಬಂದವು. ಕನ್ನಡದಲ್ಲಿ ಹನುಮಂತಪ್ಪ ಎಂದು ದಾಖಲಿಸಿದ ಸಾಲಿನಲ್ಲಿ ಮಾತ್ರ ಹೆಸರಿನ ಜಾಗದಲ್ಲಿ ‘ಹನುಮಂತ’, ಬಳಿಕ ಒಂದು ಖಾಲಿ ಚೌಕ, ಅದಕ್ಕೆ ಅಂಟಿಕೊಂಡು ‘ಮಾನ್ವಿ’ ಎಂಬ ಊರಿನ ಹೆಸರು ಬರುತ್ತಿದೆ.

ಉತ್ತರ 2 (ಗಂಗಾವತಿಯಿಂದ)

ಇದು ಬೇರೆಯೇ ದೋಷ. ಕನ್ನಡದಲ್ಲಿ ಕೆಲಸ ಮಾಡುವವರೆಲ್ಲ ಒಮ್ಮೆ ಕೂತು ಲೆಕ್ಕ ಹಾಕಿ ನೋಡಬೇಕಾದದ್ದು ಎಂಬ ಕಾರಣಕ್ಕೆ ವಿವರವಾಗಿ ಬರೆಯುತ್ತೇನೆ. ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು; ಕೊಂಬು, ಸೊನ್ನೆ, ಒತ್ತಕ್ಷರಕ್ಕಾಗಿ ಬರುವ ಹಲಂತ, ಇವೂ ಒಂದೊಂದು ಸಂಕೇತವೇ. ಹನುಮಂತಪ್ಪ ಎಂಬುದರಲ್ಲಿ ಹ, ನ, ಉಕಾರದ ಕೊಂಬು, ಮ, ಸೊನ್ನೆ, ತ, ಪ, ಹಲಂತ, ಪ ಎಂದು 9 ಸಂಕೇತಗಳಿವೆ. ಅವುಗಳಿಗೆ 27 ಬೈಟ್, ಪಠ್ಯ ಮುಗಿಯಿತೆಂದು ತೋರಿಸುವ ಕೊನೆಯ ಶೂನ್ಯ ಸೇರಿ 28. ನಿಮ್ಮ 20 ಬೈಟಿನಲ್ಲಿ ‘ಹನುಮಂತ’ದ 18 ಬೈಟ್ ಮತ್ತು ಪಕಾರದ 2 ಬೈಟ್ ಹಿಡಿದವು, ಉಳಿದದ್ದು ಊರಿನ ಜಾಗಕ್ಕೆ ಹರಿಯಿತು. ಬಳಿಕ ಊರನ್ನು ನಕಲು ಮಾಡಿದಾಗ ಆ ಉಳಿದ ಭಾಗ ಅಳಿಸಿಹೋಯಿತು, ಅದರೊಂದಿಗೆ ಹೆಸರನ್ನು ಮುಗಿಸುವ ಶೂನ್ಯವೂ ಹೋಯಿತು. ನೀವು ಕಂಡ ಚೌಕವೆಂದರೆ ಅರ್ಧಕ್ಕೆ ಕಡಿದ ‘ಪ’. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಅದೇ ಹೆಸರು 12 ಬೈಟಿನಲ್ಲಿ ಮುಗಿಯುವುದರಿಂದ ದೋಷ ಅಲ್ಲಿ ಅಡಗಿಕೊಂಡಿತ್ತು.

20ನ್ನು 50 ಮಾಡಿ ಸುಮ್ಮನಾಗಬೇಡಿ. ಮೊದಲು ಕಾಲಂ_ಟೆಕ್ಸ್ಟ್, ಅನಂತರ ಕಾಲಂ_ಬೈಟ್ಸ್ (ಪಠ್ಯದ ಬೈಟ್‌ಗಳ ಸಂಖ್ಯೆ ಹೇಳುವ ಫಂಕ್ಷನ್) ಕರೆಯಿರಿ. ಬಂದ ಸಂಖ್ಯೆಗೆ ಒಂದು ಸೇರಿಸಿ ಮ್ಯಾಲಾಕ್ ಮಾಡಿ (ಅಷ್ಟು ಮೆಮೊರಿ ಪಡೆದು), ಮೆಮ್‌ಕಾಪಿಯಿಂದ (ಬೈಟ್‌ಗಳನ್ನು ನಕಲಿಸುವ ಫಂಕ್ಷನ್ನಿನಿಂದ) ತುಂಬಿ, ಕೊನೆಗೆ ಶೂನ್ಯ ಇಡಿ. ಜಿಸಿಸಿ ಎಂಬ ಸಿ ಕಂಪೈಲರಿನ ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿ ದೋಷ ಹುಡುಕುವ ಸಾಧನ) ಹಾಕಿ ಕಂಪೈಲ್ ಮಾಡುವ ಅಭ್ಯಾಸ ಒಳ್ಳೆಯದು. ಫ್ರೀ ಆದ ಮೆಮೊರಿಯನ್ನು ಯಾವ ಸಾಲಿನಲ್ಲಿ ಓದಿದಿರಿ, ಅದು ಎಲ್ಲಿ ಫ್ರೀ ಆಯಿತು ಎಂಬುದನ್ನು ಅದು ಹೇಳುತ್ತದೆ. ಆದರೆ ಒಂದೇ ಸ್ಟ್ರಕ್ಚರಿನೊಳಗೆ ಒಂದು ಜಾಗದಿಂದ ಪಕ್ಕದ ಜಾಗಕ್ಕೆ ಹರಿದ ಇಂಥ ದೋಷವನ್ನು ಅದು ಹಿಡಿಯುವುದಿಲ್ಲ. ಎಸ್‌ಕ್ಯೂಲೈಟ್ ಸಣ್ಣ ತುಣುಕುಗಳನ್ನು ಲುಕ್‌ಅಸೈಡ್ ಎಂಬ ತನ್ನದೇ ಸಂಗ್ರಹದಿಂದ ಕೊಡುವುದರಿಂದ ಅವು ಫ್ರೀ ಆದದ್ದು ಸ್ಯಾನಿಟೈಸರಿಗೆ ಕಾಣದೆ ಹೋಗಬಹುದು; ಪರೀಕ್ಷೆಯ ಹೊತ್ತಿನಲ್ಲಿ ಲುಕ್‌ಅಸೈಡನ್ನು ಆಫ್ ಮಾಡಿಕೊಳ್ಳುವುದು ಲೇಸು.

ಉತ್ತರ 1 ಬರೆದವರು

ದಾಖಲಿಸುವ ಕಡೆಯನ್ನೂ ನೋಡಿಕೊಳ್ಳಿ. ಬೈಂಡ್_ಟೆಕ್ಸ್ಟ್‌ಗೆ (ದಾಖಲಿಸಬೇಕಾದ ಪಠ್ಯವನ್ನು ಆಜ್ಞೆಗೆ ಜೋಡಿಸುವ ಫಂಕ್ಷನ್ನಿಗೆ) ಸ್ಟ್ಯಾಟಿಕ್ ಎಂದು ಕೊಟ್ಟರೆ ಎಸ್‌ಕ್ಯೂಲೈಟ್ ನಕಲು ಮಾಡಿಕೊಳ್ಳುವುದಿಲ್ಲ. ಸ್ಟೆಪ್ ಆಗುವ ಮೊದಲೇ ನಿಮ್ಮ ಬಫರ್ ಬದಲಾದರೆ ತಪ್ಪು ಹೆಸರೇ ಡೇಟಾಬೇಸಿಗೆ ಸೇರುತ್ತದೆ. ಟ್ರಾನ್ಸಿಯೆಂಟ್ ಎಂದು ಕೊಡಿ, ಆಗ ಅದು ಕೂಡಲೇ ನಕಲು ಮಾಡಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು

ಅಲ್ಲಿಯೂ ಸ್ಟ್ಯಾಟಿಕ್ ಎಂದೇ ಇತ್ತು, ಈಗ ಬದಲಿಸಿದೆ. ಓದುವ ಭಾಗವನ್ನು ಗಂಗಾವತಿಯವರು ಹೇಳಿದ ಕ್ರಮದಲ್ಲೇ ಮತ್ತೆ ಬರೆದೆ. ಮೊಬೈಲ್ ಸಂಖ್ಯೆ ಇಲ್ಲದವರ ಸಾಲೂ ಸೇರಿ ಇಡೀ ಪಟ್ಟಿ ಸರಿಯಾಗಿ ಮುದ್ರಣವಾಯಿತು. ಹನುಮಂತಪ್ಪನವರ ಹೆಸರು ಪೂರ್ತಿ ಬಂದಿದೆ, ಮಾನ್ವಿ ತನ್ನ ಕಾಲಂನಲ್ಲೇ ಇದೆ.