ಸಹಾಯ ಬೇಕು: ಮಳೆಗಾಲ ಮುಗಿಯುವವರೆಗೆ ಸೌದೆ ಕೊಟ್ಟಿಗೆಯಲ್ಲಿ ಕೋಳಿಮರಿಗಳು

ಅನುಭವಿ ಸಾಕಣೆದಾರರೆಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಐದು ವಾರ ತುಂಬಿದ 25 ಗಿರಿರಾಜ ತಳಿಯ ಕೋಳಿಮರಿಗಳಿವೆ. ಗರಿ ಬಂದಿರುವುದರಿಂದ ಹಗಲಿನಲ್ಲಿ ಬಲ್ಬಿನ ಶಾಖ ಬೇಕಾಗುತ್ತಿಲ್ಲ. ಕಾಯಂ ಗೂಡು ಕಟ್ಟುವುದು ಮಳೆ ನಿಂತ ಮೇಲೆಯೇ ಸಾಧ್ಯವಾದ್ದರಿಂದ, ಅಲ್ಲಿಯವರೆಗೆ ಸೌದೆ ಕೊಟ್ಟಿಗೆಯಲ್ಲಿ ಸುಮಾರು 8 ಅಡಿ ಅಗಲ, 10 ಅಡಿ ಉದ್ದದ ಜಾಗವನ್ನು ತೆರವು ಮಾಡಿ ಅವುಗಳಿಗೆ ಬಿಟ್ಟುಕೊಟ್ಟಿದ್ದೇವೆ. ಈ ವಯಸ್ಸಿಗೆ ಮರಿಯೊಂದಕ್ಕೆ ಒಂದು ಚದರಡಿ ಸಾಕೆನ್ನುವುದರಿಂದ ಜಾಗದ ಚಿಂತೆಯಿಲ್ಲ, ಚಿಂತೆಯೆಲ್ಲ ತೇವದ್ದು.

ಕೊಟ್ಟಿಗೆಗೆ ಮೂರು ಕಡೆ ಜಂಬಿಟ್ಟಿಗೆ ಗೋಡೆಯಿದ್ದು, ಪಶ್ಚಿಮಕ್ಕೆ ಅಡಿಕೆ ದಬ್ಬೆಯ ತಡಿಕೆಯಿದೆ. ಎರಚಲು ತಡೆಯಲು ಅದಕ್ಕೆ ಟಾರ್ಪಾಲು ಕಟ್ಟಿದರೆ ಗಾಳಿಯಾಡದೆ ಅಮೋನಿಯಾ ವಾಸನೆ ಕಣ್ಣಿಗೆ ಹತ್ತುತ್ತದೆ; ಬಿಚ್ಚಿದರೆ ನೆಲಕ್ಕೆ ಹಾಸಿದ ಭತ್ತದ ಹೊಟ್ಟು ನೆನೆದು ಮುದ್ದೆಯಾಗುತ್ತದೆ. ಒದ್ದೆ ಹಾಸಿನಲ್ಲಿ ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಬೇಗ ಹರಡಿ ಎಳೆಯ ಮರಿಗಳು ರಕ್ತಭೇದಿಯಿಂದ ಸಾಯುತ್ತವೆಯಾದ್ದರಿಂದ ಇದನ್ನು ಹಾಗೆಯೇ ಬಿಡಲು ಮನಸ್ಸಾಗುತ್ತಿಲ್ಲ.

ಟಾರ್ಪಾಲನ್ನು ಮೇಲ್ಗಡೆ ಒಂದಡಿ ತೆರೆದು ಕಟ್ಟಿದರೆ ಸಾಕೇ, ಅಥವಾ ಮಾಡಿನಿಂದ ಹೊರಕ್ಕೆ ಸೋಗೆಯ ಇಳಿಜಾರು ಇಳಿಸುವುದು ಉತ್ತಮವೇ? ಮಣ್ಣಿನ ನೆಲದ ಮೇಲೆ ದಬ್ಬೆಯ ಅಟ್ಟಣೆ ಹಾಕಿ ಸಾಕಿದವರಿದ್ದರೆ, ಮರಿಗಳ ಕಾಲು ಸಿಕ್ಕಿಕೊಳ್ಳದಂತೆ ಸಂದನ್ನು ಎಷ್ಟು ಬಿಟ್ಟಿದ್ದೀರಿ ಎಂಬುದನ್ನು ದಯವಿಟ್ಟು ತಿಳಿಸಿ. ಹೊಟ್ಟಿಗೆ ಸುಣ್ಣದ ಪುಡಿ ಬೆರೆಸುವವರು ಅದರ ಪ್ರಮಾಣವನ್ನೂ ಹೇಳಿದರೆ ಉಪಕಾರವಾಗುತ್ತದೆ.

ಮುಂಗುಸಿ ಮತ್ತು ಹಾವಿನ ಭಯಕ್ಕೆ ತಡಿಕೆಯ ಒಳಗಡೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸೆದ ತಂತಿಯ ಜಾಲರಿ) ಹೊಡೆಸುತ್ತಿದ್ದೇವೆ. ಅದನ್ನು ನೆಲದೊಳಗೆ ಎಷ್ಟು ಆಳಕ್ಕೆ ಹೂಳಬೇಕೆಂದು ನಮ್ಮ ಕಡೆಯ ಮಣ್ಣನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.