ಸಹಾಯ ಬೇಕು: ಸವೆದ ಕಪ್ಪೆಚಿಪ್ಪು ಯಾವ ಜಾತಿ ಅಂತ ಗೊತ್ತಾಗವಲ್ದು

ನಮಸ್ಕಾರ್ರೀ, ಧಾರವಾಡದಾಗ ಬಿಎಸ್ಸಿ ಝೂವಾಲಜಿ ಓದಾಕತ್ತೇನಿ, ಕುಮಟಾ ಕಡೆ ಅಘನಾಶಿನಿ ಅಳವಿಯೊಳಗ ಆರಿಸಿದ ಖಾಲಿ ಚಿಪ್ಪು ಪ್ರಾಜೆಕ್ಟಿಗೆ ವಿಂಗಡಿಸಬೇಕಾಗೇತಿ. ಅನಡಾರಾ ಅನ್ನೋ ಕುಲದ ಚಿಪ್ಪು ಸಲೀಸಾಗಿ ಗುರುತು ಸಿಕ್ತು, ಹೊರಗ ದಪ್ಪ ಗೆರಿ, ಕೀಲು (ಎರಡು ಚಿಪ್ಪು ಕೂಡೋ ಅಂಚು) ನೆಟ್ಟಗ, ಅದರ ತುಂಬ ಸಣ್ಣ ಹಲ್ಲು ಬಾಚಣಿಕಿ ಇದ್ದಂಗ. ತೊಡಕಿರೋದು ಮೆರೆಟ್ರಿಕ್ಸ್ ಮತ್ತ ಪಾಫಿಯಾ ಮಲಬಾರಿಕಾ ಅನ್ನೋ ಎರಡು ಥರದ ಕಪ್ಪೆಚಿಪ್ಪಿನ ನಡುವ. ಪಾಫಿಯಾಕ್ಕ ಹೊರಗ ಅಡ್ಡ ಗೆರಿ ಇರತಾವ, ಮೆರೆಟ್ರಿಕ್ಸ್ ನುಣುಪು, ಆದ್ರ ನನ್ನ ಚಿಪ್ಪು ಉಸುಕಿನಾಗ ತಿಕ್ಕಿ ತಿಕ್ಕಿ ಎಲ್ಲಾ ನುಣುಪಾಗ್ಯಾವ, ಲೆನ್ಸ್ ಹಿಡದು ನೋಡಿದೆ, ಬಣ್ಣಾನೂ ಹೋಗೇತಿ. ಒಳಗಿನ ಪ್ಯಾಲಿಯಲ್ ಸೈನಸ್ (ಚಿಪ್ಪಿನ ಒಳಮೈ ಮ್ಯಾಲಿನ ಗೆರಿ ಒಳಕ್ಕ ಬಾಗಿರೋ ಜಾಗ) ಗುರುತು ಮಾತ್ರ ಚೊಲೋ ಉಳದೈತಿ, ಕೆಲವದ್ರಾಗ ಆಳ, ಕೆಲವದ್ರಾಗ ಬರೇ ಸಣ್ಣ ಬಾಗು. ಆಳ ಇದ್ರ ಪಾಫಿಯಾ ಅಂತ ಅದೊಂದರ ಮ್ಯಾಲೆನ ಬರೀಬಹುದೇನ್ರೀ, ಇಲ್ಲಾ ಕೀಲಿನ ಹಲ್ಲೂ ನೋಡಬೇಕೇನು? ನೋಡಬೇಕಂದ್ರ ಯಾವ ಹಲ್ಲು?